ಸೋಮವಾರ ಮಾತ್ರ ತೆರೆಯುವ ಬಾಗಿಲು

“ಈ ಬಾಗಿಲು ಸೋಮವಾರ ಮಾತ್ರ ತೆರೆಯುತ್ತದೆ ಮೇಡಂ!”

ಕೋಣೆಯಲ್ಲಿದ್ದ ಹನ್ನೊಂದು ಜನರೂ ಒಮ್ಮೆಲೇ ಹಿಂತಿರುಗಿ ನೋಡಿದರು.

ಪರದೆಯ ಮುಂದೆ ನಿಂತಿದ್ದ ವಿಜಯಶ್ರೀಯೂ ತಟ್ಟನೆ ತಿರುಗಿದಳು. ಕೈಯಲ್ಲಿದ್ದ ಲೇಸರಿನ ಕೆಂಪು ಚುಕ್ಕೆ ಪರದೆಯಿಂದ ಜಾರಿ, ಗೋಡೆಯ ಮೇಲೆ ಓಡಿ, ಗಡಿಯಾರದ ಮೇಲೆ ಹೋಗಿ ಕೂತಿತು.

ಮಾತಾಡಿದವನು ಕಡೆಯ ಸಾಲಿನಲ್ಲಿ ಎದ್ದು ನಿಂತಿದ್ದ. ಕೈಯಲ್ಲಿ ಲ್ಯಾಪ್‌ಟಾಪ್, ಮೂಗಿನ ತುದಿಯಲ್ಲಿ ಕನ್ನಡಕ. ಹೆಸರು ಸೀತಾರಾಮ. ಈಗಿನ ಹುಡುಗರಲ್ಲಿ ಯಾರಿಗಿದೆ ಈ ಹೆಸರು! ಸಾಫ್ಟ್‌ವೇರ್ ಕೆಲಸ ಬಿಟ್ಟು, ಲ್ಯಾಬಿನ ಡೇಟಾ ನೋಡಿಕೊಳ್ಳಲೆಂದು ಬಂದು ಮೂರೇ ದಿನವಾಗಿತ್ತು.

“ಅಂದರೆ?” ಎಂದರು ತಾರಾ ಮೇಡಂ. ಅವರೇ ಈ ಲ್ಯಾಬಿನ ಒಡತಿ, ವಿಜಯಶ್ರೀಯ ಗುರು.

“ಇವರ ಮೂರನೇ ಗಂಟೆಯ ಇಪ್ಪತ್ತೆರಡು ಮಾದರಿಗಳಲ್ಲಿ ಹತ್ತರಲ್ಲಿ ಮಾತ್ರ ಈ ಜೀನುಗಳ ಬಾಗಿಲು ಬೇಗ ತೆರೆದಿದೆ. ಆ ಹತ್ತೂ ಸೋಮವಾರ ತೆಗೆದವು. ಮಂಗಳವಾರದ್ದು ಇಲ್ಲ, ಗುರುವಾರದ್ದು ಇಲ್ಲ…”

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆಯೇ ನಕ್ಕಿತು.

ಅಲ್ಲಿಯವರೆಗೆ ಎಲ್ಲ ಇಂಗ್ಲಿಷಿನಲ್ಲೇ ನಡೆದಿತ್ತು. ಕೂರುವಾಗ ಅವನು ತನ್ನಷ್ಟಕ್ಕೆ ತಾನು ಕನ್ನಡದಲ್ಲಿ ಗೊಣಗಿಕೊಂಡ.

“ಇದೆಂತ ಸೋಮವಾರದ ಸಂತೆಯಾ ಮಾರಾಯ್ರೆ…”

“ಸಂತಿ ಅಲ್ರೀ!” ವಿಜಯಶ್ರೀ ಅಲ್ಲಿಂದಲೇ ಗುಡುಗಿದಳು. “ಮೂರು ವರ್ಷದ ಕೆಲಸ ಐತಿ ಇದು!”

ಸೀತಾರಾಮನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಹೈದರಾಬಾದಿನ ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಹಿಂದಿನ ಈ ಕಟ್ಟಡದಲ್ಲಿ ತನ್ನ ಕನ್ನಡ ಯಾರಿಗೂ ತಿಳಿಯದು ಎಂದುಕೊಂಡಿದ್ದ ಪಾಪ!

ಅವಳ ಕಣ್ಣು ತುಂಬಿದ್ದನ್ನು ಅವನೊಬ್ಬನೇ ಕಂಡ.

*

ವಿಜಯಶ್ರೀಯ ಮನೆ ಕುಷಾಯಿಗೂಡದಲ್ಲಿ. ಅಪ್ಪ ಸೂರ್ಯಕಾಂತ ಬೀದರಿನಿಂದ ಬಂದು ಅಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇರಿದವರು, ಅಲ್ಲೇ ನಿವೃತ್ತರಾದವರು. ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಹೊಸ್ತಿಲು ದಾಟಿದರೆ ಬೀದರಿನ ಕನ್ನಡ. ಹಾಗೆ ಬೆಳೆದ ಹುಡುಗಿ ಅವಳು.

ಅವಳ ಓದಿನ ಬಗ್ಗೆ ತಾಯಿ ಪಾರ್ವತಿಬಾಯಿಗೆ ಮೊದಮೊದಲು ಏನೂ ಅರ್ಥವಾಗುತ್ತಿರಲಿಲ್ಲ.

“ಮೀನಿನ ತತ್ತಿ ನೋಡಾಕ ಇಷ್ಟು ಓದಬೇಕೇನ ನನ್ನವ್ವಾ?” ಎಂದು ನಗುತ್ತಿದ್ದರು.

ಒಂದು ದಿನ ಅಲಮಾರಿ ತೆರೆದು ಕೂತಿದ್ದ ತಾಯಿಯ ಪಕ್ಕ ಕೂತು ವಿಜಯಶ್ರೀ ಹೇಳಿದ್ದಳು.

“ನೋಡವ್ವಾ, ನಿನ್ನ ಹತ್ರ ನಲವತ್ತು ಸೀರಿ ಅದಾವ. ಆದ್ರ ಉಡೋದು ಕೈಗೆ ಸಿಗೋ ಆರೇಳನ್ನ ಅಷ್ಟ. ತಳದಾಗ ಮಡಚಿ ಒತ್ತಿಟ್ಟದ್ದು ಇದ್ದೂ ಇಲ್ಲದಂಗ. ಹೌದಿಲ್ಲೋ?”

“ಹೌದು.”

“ಜೀವಕೋಶದಾಗೂ ಹಂಗ. ಮಾರುದ್ದ ದಾರ ಸುತ್ತಿ ಸುತ್ತಿ ಮಡಚಿಟ್ಟಿರತೈತಿ. ಆ ಮಡಿಕೆಗೆ ಕ್ರೊಮ್ಯಾಟಿನ್ ಅಂತೀವಿ. ಬಿಗಿಯಾಗಿ ಮಡಚಿದ ಕಡೆ ಇರೋ ಜೀನು ಮಾತಾಡಂಗಿಲ್ಲ. ಮಡಿಕೆ ಸಡಿಲ ಆತು ಅಂದ್ರ ಬಾಗಿಲಾ ತೆಗೆದಂಗ. ಕಣ್ಣಾಗಬೇಕೋ, ಹೃದಯ ಆಗಬೇಕೋ, ಬೆನ್ನು ಆಗಬೇಕೋ… ಯಾವ ಬಾಗಿಲಾ ಯಾವಾಗ ತೆರೀತೈತಿ ಅನ್ನೋದರ ಮ್ಯಾಲೆ.”

“ಅಲ್ಲೀ ತನಕಾ ಆ ಕೂಸು ಏನ್ ಮಾಡತೈತಿ?”

“ತಾಯಿ ಕಟ್ಟಿಕೊಟ್ಟ ಬುತ್ತಿ ಉಣ್ಣತೈತಿ! ಮೀನಿನ ಭ್ರೂಣಕ್ಕ ಮೊದಲ ಮೂರು ತಾಸು ತಾಯಿ ತತ್ತಿಯಾಗ ಇಟ್ಟು ಕಳಿಸಿದ್ದ ಆಧಾರ. ಅದರದs ಜೀನು ಆಮ್ಯಾಲೆ ಬಾಯಿ ಬಿಡತಾವ. ಆ ಹೊತ್ತನ್ನs ನಾ ನೋಡೋದು.”

ಪಾರ್ವತಿಬಾಯಿ ಕೈಯಲ್ಲಿದ್ದ ಸೀರೆಯನ್ನು ಮಡಚಿ ಅಲಮಾರಿಯಲ್ಲಿಟ್ಟರು. ಆಮೇಲೆ, “ಹಂಗಾದ್ರ ನಿಂದು ಭಾಳ ದೊಡ್ಡ ಕೆಲಸ ಬಿಡವ್ವಾ,” ಎಂದು ಮಗಳ ತಲೆ ಸವರಿದ್ದರು. ಮರುದಿನದಿಂದ ಬುತ್ತಿಯಲ್ಲಿ ಒಂದು ರೊಟ್ಟಿ ಹೆಚ್ಚಾಗಿತ್ತು!

ಮೂರನೇ ಗಂಟೆಯ ಹೊತ್ತಿಗೆ ಕೆಲವು ಭ್ರೂಣಗಳಲ್ಲಿ ಆ ಬಾಗಿಲು ಅವಸರ ಮಾಡಿ ತೆರೆದುಕೊಂಡುಬಿಡುತ್ತದೆ, ಜೀನು ಇನ್ನೂ ಮಾತಾಡುವ ಮೊದಲೇ! ಉಳಿದವುಗಳಲ್ಲಿ ಮುಚ್ಚಿಯೇ ಇರುತ್ತದೆ, ನಾಲ್ಕನೇ ಗಂಟೆಯ ಮಾದರಿಗಳಲ್ಲಷ್ಟೇ ತೆರೆದು ಕಾಣುತ್ತದೆ. ಭ್ರೂಣಗಳಲ್ಲೂ ಅವಸರದವು, ತಾಳ್ಮೆಯವು ಎಂದು ಎರಡು ಜಾತಿ. ಇದೇ ವಿಜಯಶ್ರೀಯ ಶೋಧನೆ, ಅವಳ ಪಿಎಚ್‌ಡಿಯ ಬೆನ್ನೆಲುಬು. ಮುಂದಿನ ವಾರದ ಶುಕ್ರವಾರ ಅದನ್ನೇ ಸಮಿತಿಯ ಮುಂದೆ ಮಂಡಿಸಬೇಕಿತ್ತು.

ಈಗ ನೋಡಿದರೆ ಕುಂದಾಪುರದಿಂದ ಬಂದ ಈ ಕನ್ನಡಕದವನು ಎದ್ದು ನಿಂತು… ಸೋಮವಾರವಂತೆ!

*

ಬುಧವಾರ ತಾರಾ ಮೇಡಂ ಅವಳನ್ನು ಕರೆದರು.

“ಸೀತಾರಾಮ ನಿನ್ನೆ ನನ್ನ ಕೋಣೆಗೆ ಬಂದಿದ್ದ. ನಿನ್ನ ಸೋಮವಾರದ ಮಾದರಿಗಳ ಬಗ್ಗೆ ಬಹಳ ಹೊತ್ತು ಮಾತಾಡಿದ. ಸಮಿತಿ ಕೂರುವುದರೊಳಗೆ ಕಾರಣ ಸಿಗದಿದ್ದರೆ ಅವುಗಳನ್ನು ಕೈಬಿಡಬೇಕಾಗುತ್ತದೆ ವಿಜಯಾ.”

ಹತ್ತು ಮಾದರಿ ಕೈಬಿಟ್ಟರೆ ಉಳಿಯುವುದೇನು? ಶೋಧನೆಯೇ ಇಲ್ಲ. ಮತ್ತೆ ಮೊದಲಿಂದ!

‘ಎಲ್ಲರ ಮುಂದೆ ನಗೆಪಾಟಲು ಮಾಡಿದ್ದು ಸಾಲಲಿಲ್ಲವೇನು? ಹಿಂದಿನಿಂದ ಹೋಗಿ ಚಾಡಿ ಬೇರೆ! ನಾನು ಡೇಟಾ ತಿದ್ದಿದ್ದೇನೆ ಎಂದೇ ಹೇಳಿರಬೇಕು…’

ಅವತ್ತಿನಿಂದ ಅವನ ಜೊತೆ ಮಾತು ಬಂದ್!

ಕೆಲಸದ ಮಾತನ್ನೆಲ್ಲ ಬಂಡೆಪ್ಪ ಸಾಗಿಸಬೇಕಾಯಿತು. ಬಂಡೆಪ್ಪ ಮೀನುಕೋಣೆಯ ಮೇಲ್ವಿಚಾರಕ. ಐವತ್ತು ದಾಟಿದವನು, ಬೀದರ ಕಡೆಯ ಹುಮನಾಬಾದಿನವನು. ಸಾವಿರದ ಇನ್ನೂರು ಜೀಬ್ರಾ ಮೀನುಗಳನ್ನು ಹೆತ್ತ ಮಕ್ಕಳಂತೆ ನೋಡಿಕೊಳ್ಳುವವನು.

“ಕಾಕಾ, ಅವರಿಗೆ ಹೇಳ್ರಿ, ಆ ಹಾಳಿ ನನ್ನ ಮೇಜಿನ ಮ್ಯಾಲೆ ಇಡಬೇಕಂತ.”

ಸೀತಾರಾಮ ಎರಡೇ ಹೆಜ್ಜೆ ಆಚೆ ನಿಂತಿದ್ದ.

“ಅವರು ಕೇಳಿಸ್ಕೊಂಡಾರ್ರಿ ಅಕ್ಕಾರ.”

“ಆದ್ರೂ ಹೇಳ್ರಿ!”

ಬಂಡೆಪ್ಪ ನಿಟ್ಟುಸಿರು ಬಿಟ್ಟು ತಿರುಗಿದ. “ಸಾಹೇಬ್ರ, ಹಾಳಿ ಮೇಜಿನ ಮ್ಯಾಲೆ ಇಡಬೇಕಂತ್ರಿ.”

“ಇಟ್ಟಿದ್ದೇನೆ ಅಂತ ಹೇಳಿ ಬಂಡೆಪ್ಪನವ್ರೆ. ಮತ್ತೆ… ಒಂದು ಸಲ ಮಾತಾಡ್ಲಿಕ್ಕೆ ಐದು ನಿಮಿಷ ಸಿಗ್ಬಹುದಾ ಅಂತಲೂ ಕೇಳಿ.”

“ಐದು ನಿಮಿಷ ಇಲ್ಲಂತ ಹೇಳ್ರಿ ಕಾಕಾ!”

“ಅಯ್ಯ ನನ್ನ ಶಿವನೇ… ನಾ ಮೀನಿಗೆ ಕಾಳು ಹಾಕ್ತೀನ್ರಿ, ಹೊತ್ತಾತು.” ಬಂಡೆಪ್ಪ ಕೈ ಮುಗಿದು ಓಡಿಬಿಟ್ಟ.

ಆದರೂ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳ ಕಣ್ಣು ಆ ಮೂಲೆಯ ಮೇಜಿನತ್ತಲೇ ಹೋಗುತ್ತಿತ್ತು. ಅಮೀರ್‌ಪೇಟ್ ಹಾಸ್ಟೆಲಿನ ಡಬ್ಬಿ ತೆರೆದು, ಕೆಂಪು ಉಪ್ಪಿನಕಾಯಿಗೆ ಹೆದರಿ, ಬರೀ ಮೊಸರನ್ನ ಕಲಸಿಕೊಂಡು ಅವನು ಒಬ್ಬನೇ ತಿನ್ನುತ್ತಿದ್ದ. ಒಂದು ತುತ್ತು ತಿಂದು ಎರಡು ಗುಟುಕು ನೀರು!

‘ಪಾಪ,’ ಎಂದಿತು ಒಳಗೊಂದು ದನಿ.

‘ಏನು ಪಾಪ? ಚಾಡಿಕೋರ!’ ಎಂದಿತು ಇನ್ನೊಂದು.

ಸಿಟ್ಟು ಬಂದಾಗ ಹೆಣ್ಣು ಎಲ್ಲರಿಗೂ ಉತ್ತರ ಕೊಡಬಲ್ಲಳು. ಒಬ್ಬಳೇ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ ಮಾತ್ರ ತನಗೆ ತಾನೇ ಉತ್ತರ ಕೊಡಬೇಕಾಗುತ್ತದೆ.

ಭಾನುವಾರ ಸಂಜೆ ಸಿಕಂದರಾಬಾದಿನಿಂದ ಮನೆಗೆ ಬರುವ ಬಸ್ಸಿನಲ್ಲಿ ಹಾಗೇ ಆಯಿತು.

‘ಗಡಿಯಾರವನ್ನು ಕೇಳಬೇಡ, ಭ್ರೂಣವನ್ನು ನೋಡು.’ ಲ್ಯಾಬ್ ಸೇರಿದ ಮೊದಲ ದಿನ ತಾರಾ ಮೇಡಂ ಕಲಿಸಿದ ಪಾಠವದು. ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸಬೇಕು. ಒಂದು ಕೋಶ ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ… ಅದರ ವಯಸ್ಸು ಅದರ ಮೈಮೇಲೇ ಬರೆದಿರುತ್ತದೆ.

ಮಂಗಳವಾರ ಎಣಿಸುತ್ತಿದ್ದಳು. ಗುರುವಾರ ಎಣಿಸುತ್ತಿದ್ದಳು.

ಸೋಮವಾರ?

ಸೋಮವಾರ ಒಂಬತ್ತೂವರೆಗೆ ಲ್ಯಾಬಿನ ಸಭೆ. ಒಂಬತ್ತೂಕಾಲಿಗೆ ಮೀನುಕೋಣೆಗೆ ಓಡಿ, ಮೊಟ್ಟೆಗಳನ್ನು ಸೋಸಿ, ತೊಳೆದು, ಇನ್‌ಕ್ಯುಬೇಟರಿನಲ್ಲಿಟ್ಟು ಸಭೆಗೆ ಓಡುತ್ತಿದ್ದಳು. ಹನ್ನೆರಡಕ್ಕೆ ಬಂದು ಗಡಿಯಾರ ನೋಡಿ ಮಾದರಿ ತೆಗೆದುಬಿಡುತ್ತಿದ್ದಳು. ಒಂಬತ್ತಕ್ಕೆ ಶುರು, ಹನ್ನೆರಡಕ್ಕೆ ಮೂರು ಗಂಟೆ… ಇದರಲ್ಲಿ ನೋಡುವುದೇನಿದೆ?

ಅವಳು ಕಿಟಕಿಯಿಂದ ತಲೆ ಎತ್ತಿದಳು.

‘ಒಂದು ಸೋಮವಾರವೂ ನಾನು ನೋಡಿಲ್ಲ…’

*

ಮರುದಿನ ಬೆಳಿಗ್ಗೆ ಎಂಟಕ್ಕೇ ಅವಳು ಬೇಗಂಪೇಟೆ ಮೆಟ್ರೊ ಇಳಿದಿದ್ದಳು. ಇವತ್ತು ಮೊದಲ ನಿಮಿಷದಿಂದ ಎಲ್ಲವನ್ನೂ ಕಣ್ಣಾರೆ ನೋಡಬೇಕು. ತಪ್ಪಿದ್ದರೆ ತಾನೇ ಹುಡುಕಬೇಕು, ಆ ಕನ್ನಡಕದವನಲ್ಲ!

ಮೀನುಕೋಣೆ ಇನ್ನೂ ಕತ್ತಲೆ. ದೀಪಗಳು ತಾವಾಗಿಯೇ ಹೊತ್ತಿಕೊಳ್ಳುವುದು ಒಂಬತ್ತಕ್ಕೆ. ಮೀನುಗಳಿಗೆ ಅದೇ ಸೂರ್ಯೋದಯ. ಹಿಂದಿನ ಸಂಜೆಯೇ ವಿಜಯಶ್ರೀ ಪುಟ್ಟ ಪುಟ್ಟ ತೊಟ್ಟಿಗಳಲ್ಲಿ ಗಂಡೊಂದು, ಹೆಣ್ಣೊಂದು ಬಿಟ್ಟು, ನಡುವೆ ಪಾರದರ್ಶಕ ಪ್ಲಾಸ್ಟಿಕ್ ತಡೆಯೊಂದನ್ನು ಇಟ್ಟಿರುತ್ತಾಳೆ. ಬೆಳಿಗ್ಗೆ ಬೆಳಕು ಬಿದ್ದು, ತಡೆ ಎತ್ತಿದರೆ ಸಾಕು, ಹದಿನೈದು ನಿಮಿಷದಲ್ಲಿ ಮೊಟ್ಟೆ! ಒಂಬತ್ತಕ್ಕೆ ತಡೆ ಎತ್ತಿ ಹಾಳೆಯಲ್ಲಿ ಸಹಿ ಹಾಕುವುದು ಬಂಡೆಪ್ಪನ ಕೆಲಸ.

ಕಡೆಯ ಸಾಲಿನ ಹಿಂದೆ ಏನೋ ಅಲುಗಿತು.

“ಯಾರ್ರೀ ಅದು?!”

“ನಾನು… ನಾನು ಮಾರಾಯ್ರೆ! ದೀಪ ಮಾತ್ರ ಹಾಕ್ಬೇಡಿ!”

ಇನ್‌ಕ್ಯುಬೇಟರಿನ ಮುಂದೆ ಸೀತಾರಾಮ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಮೂರು ಥರ್ಮಾಮೀಟರು, ಬಾಯಲ್ಲಿ ಪೆನ್ನು, ತಲೆಗೂದಲು ಹಕ್ಕಿ ಗೂಡು.

“ನೀವು ಇಲ್ಲಿ ಏನ್ ಮಾಡಾಕತ್ತೀರಿ?”

“ಭಾನುವಾರ ಎಸಿ ಬಂದ್ ಇರ್ತದಲ್ಲ? ಸೋಮವಾರ ಬೆಳಿಗ್ಗೆ ಬಿಸಿ ಹೆಚ್ಚಿದ್ರೆ ಭ್ರೂಣ ಬೇಗ ಬೆಳೀತದೆ. ಅದಿರ್ಬಹುದಾ ಅಂತ ಏಳು ಗಂಟೆಯಿಂದ ಅಳೀತಾ ಇದ್ದೇನೆ. ಆದ್ರೆ ಇಲ್ಲ. ಇಪ್ಪತ್ತೆಂಟೂವರೆ, ಕೂದಲೆಳೆಯಷ್ಟೂ ಆಚೀಚೆ ಆಗ್ಲಿಲ್ಲ.”

“ನನ್ನ ತಪ್ಪು ಹುಡುಕಾಕ ಇಷ್ಟು ನಸುಕಿನ್ಯಾಗ ಎದ್ದು ಬಂದೀರಿ!”

“ನಿಮ್ಮ ತಪ್ಪಲ್ಲ ಅಂತ ಹುಡುಕ್ಲಿಕ್ಕೆ!” ಅಂದುಬಿಟ್ಟ ಅವನು. ಅಂದ ಮೇಲೆ ತಾನೇ ಗಾಬರಿಯಾಗಿ ಕನ್ನಡಕ ಸರಿಮಾಡಿಕೊಂಡ.

ವಿಜಯಶ್ರೀ ಅವನ ಕೈಯಲ್ಲಿದ್ದ ಥರ್ಮಾಮೀಟರುಗಳನ್ನೇ ನೋಡಿದಳು. ಎದೆಯೊಳಗೆ ಏನೋ ಒಂದು ಮಡಿಕೆ ಮೆಲ್ಲಗೆ ಸಡಿಲಾದಂತಾಯಿತು…

ಅಷ್ಟರಲ್ಲಿ ಬಾಗಿಲು ತೆರೆದ ಸದ್ದು. ಯಾರೋ ಒಳಗೆ ಬಂದರು. ಕೈಚೀಲ ಕೆಳಗಿಟ್ಟರು.

“ಏಳ್ರೆಪ್ಪಾ ಏಳ್ರಿ… ರಾತ್ರಿಯೆಲ್ಲಾ ಅತ್ಲಾಗ ಒಬ್ಬರು, ಇತ್ಲಾಗ ಒಬ್ಬರು. ನೋಡಿ ನೋಡಿ ಕಣ್ಣು ಸೋತು ಹೋಗಿರ್ಬೇಕು…”

ಬಂಡೆಪ್ಪನ ದನಿ! ಇಷ್ಟು ಅಕ್ಕರೆಯಿಂದ ಯಾರ ಜೊತೆ ಮಾತಾಡುತ್ತಿದ್ದಾನೆ?

ಇಬ್ಬರೂ ಉಸಿರು ಬಿಗಿಹಿಡಿದು ಸಾಲಿನ ಸಂದಿನಿಂದ ಇಣುಕಿದರು.

ಟಕ್! ಅವನೇ ಒತ್ತಿದ ಸ್ವಿಚ್ಚಿಗೆ ಮುಂದಿನ ಸಾಲಿನ ದೀಪ ಹೊತ್ತಿತು. ಬಂಡೆಪ್ಪ ಒಂದೊಂದೇ ತೊಟ್ಟಿಯ ಮುಂದೆ ಬಾಗಿ, ಒಂದೊಂದೇ ತಡೆಯನ್ನು ಮೇಲೆತ್ತಿದ. “ಹೋಗವ್ವಾ, ಹೋಗು… ನೀನೂ ಹೋಗಪ್ಪಾ…”

ವಿಜಯಶ್ರೀ ಗಡಿಯಾರ ನೋಡಿದಳು.

ಎಂಟು ಇಪ್ಪತ್ತೆಂಟು!

“ಕಾಕಾ!!”

“ಅಯ್ಯಯ್ಯೋ ಶಿವನೇ!” ಬಂಡೆಪ್ಪ ಹಾರಿಬಿದ್ದ. “ಕಳ್ಳರಂತ ತಿಳಕೊಂಡ್ನೆಲ್ರೀ ಅಕ್ಕಾರ! ಸಾಹೇಬ್ರೂ ಅದಾರ… ಮಾತಿಲ್ಲ ಕತಿಯಿಲ್ಲ ಅನ್ನೋರು ಕತ್ತಲಾಗ ಇಬ್ಬರೂ…”

“ಅದು ಬಿಡ್ರಿ! ಒಂಬತ್ತಕ್ಕಲ್ಲೇನ್ರಿ ತಡೆ ತೆಗೆಯೋದು?”

ಬಂಡೆಪ್ಪನ ಮುಖ ಸಣ್ಣದಾಯಿತು. ಹೆಗಲ ಮೇಲಿನ ಟವೆಲ್ಲಿನಿಂದ ಹಣೆ ಒರೆಸಿಕೊಂಡ.

“ಉಳಿದ ದಿನ ಒಂಬತ್ತs ರೀ. ಸೋಮವಾರ ಅಷ್ಟ… ತಡಕೊಳ್ಳಾಕ ಆಗಂಗಿಲ್ರಿ.”

“ಯಾಕ?”

“ನಿಮಗ ಗೊತ್ತೈತೆಲ್ರಿ, ನಮ್ಮ ಶಾರದಾಬಾಯಿ ಊರಾಗಿರ್ತಾಳ. ಅಂಗನವಾಡಿ ಕೆಲಸ, ಬಿಟ್ಟು ಬರಾಕಾಗಂಗಿಲ್ಲ. ಶನಿವಾರ ಹೊಕ್ಕೀನಿ, ಸೋಮವಾರ ನಸುಕಿನ ರೈಲಿಗೆ ಬರ್ತೀನಿ. ರೈಲು ಬಿಡೋತನಕಾ ಆಕಿ ಕಿಡಕಿ ಹಿಡಕೊಂಡು ನಿಂತಿರ್ತಾಳ್ರಿ. ನಾ ಒಳಗ, ಆಕಿ ಹೊರಗ. ಮಾತಿಲ್ಲ. ಬೇಗಂಪೇಟಿಗೆ ಇಳದು ನೇರ ಇಲ್ಲಿಗೇ ಬರ್ತೀನಿ. ಬಂದು ನೋಡಿದ್ರ ಇವೂ ಹಂಗs ನಿಂತಿರ್ತಾವ… ನಡುವ ಒಂದು ತಡೆ…” ಅವನು ತೊಟ್ಟಿಯ ಅಂಚನ್ನು ಬೆರಳಿನಿಂದ ಸವರಿದ. “ಅರ್ಧ ತಾಸು ಮೊದಲs ಬಿಟ್ರ ಏನಾದೀತು ಅಂತ…”

ಪಂಪಿನ ಗುಳುಗುಳು ಮಾತ್ರ.

“ಮತ್ತ ಹಾಳ್ಯಾಗ ಒಂಬತ್ತಂತ ಬರದೀರಲ್ಲ ಕಾಕಾ?”

“ನಾ ಎಲ್ಲಿ ಬರದೀನ್ರಿ?” ಬಂಡೆಪ್ಪ ಮುಗ್ಧವಾಗಿ ಹಾಳೆ ತಂದು ತೋರಿಸಿದ. “ನೀವs ಅಚ್ಚು ಹಾಕಿಸಿ ಕೊಟ್ಟೀರಿ. ಒಂಬತ್ತು ಅಂತ ಮೊದಲs ಇರತೈತಿ. ನಾ ಸಹಿ ಅಷ್ಟ ಮಾಡೋದು.”

ಹೌದು! ದಿನಾ ಬರೆಯುವ ತಾಪತ್ರಯ ತಪ್ಪಲೆಂದು ಮೂರು ವರ್ಷದ ಹಿಂದೆ ಆ ಹಾಳೆ ಮಾಡಿಸಿದವಳು ಅವಳೇ!

ಮೊದಲು ನಕ್ಕವನು ಸೀತಾರಾಮ. ತಡೆಯಲು ನೋಡಿದ, ಆಗಲಿಲ್ಲ, ಥರ್ಮಾಮೀಟರುಗಳ ಸಮೇತ ಗೋಡೆಗೊರಗಿ ನಕ್ಕ. ಅವನನ್ನು ನೋಡಿ ವಿಜಯಶ್ರೀಯೂ ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣಿನಿಂದ ಹನಿ ಉದುರಿತು.

“ಅಯ್ಯೋ, ಅಳ್ಬೇಡಿ ಮಾರಾಯ್ರೆ! ನಿಮ್ಮದೆಂತ ತಪ್ಪುಂಟು ಇದರಲ್ಲಿ?”

“ಐತ್ರೀ.” ಅವಳು ಕಣ್ಣೊರೆಸಿಕೊಂಡಳು. “ಕಾಕಾ ಮರುಕ ಪಟ್ಟು ಮೀನ ಬಿಟ್ಟಾರ. ಆದ್ರ ನಾ ಒಂದು ಸಲ ಮೈಕ್ರೋಸ್ಕೋಪಿನ್ಯಾಗ ನೋಡಿದ್ರ ಅವತ್ತs ಗೊತ್ತಾಗ್ತಿತ್ತು. ಸೋಮವಾರ ನಾ ಒಮ್ಮೆನೂ ನೋಡಿಲ್ಲ. ಗಡಿಯಾರ ನಂಬಿದೆ. ನೀವು ಎದ್ದು ಕೇಳಿದಾಗ ಅಷ್ಟು ಸಿಟ್ಟು ಬಂತಲ್ಲ… ಒಳಗೊಳಗ ನನಗs ಅಳುಕಿತ್ತು. ಅದಕ್ಕs.”

ಈ ಮಾತನ್ನು ಹೇಳುವುದು ಅವಳಿಗೆ ಸುಲಭವಿರಲಿಲ್ಲ. ಆದರೆ ಹೇಳಿದ ಮೇಲೆ ಎಷ್ಟು ಹಗುರ!

ಸೀತಾರಾಮ ಕನ್ನಡಕ ಒರೆಸಿಕೊಂಡ. ‘ನಾನು ಹೇಳಿರಲಿಲ್ಲವೇ’ ಎಂಬ ಮುಖ ಮಾಡಲಿಲ್ಲ. ನೆಲದ ಮೇಲೆಯೇ ಕೂತು ಲ್ಯಾಪ್‌ಟಾಪ್ ತೆರೆದ.

“ಗ್ರಾಫಿನಲ್ಲಿ ಸೋಮವಾರದ ಹತ್ತು ಚುಕ್ಕೆಗಳಿಗೂ ಅರ್ಧ ಗಂಟೆ ಸೇರಿಸಿ ನೋಡುವಾ?”

ಪರದೆಯ ಮೇಲೆ ಹತ್ತು ಹಳದಿ ಚುಕ್ಕೆಗಳು ಬಲಕ್ಕೆ ಸರಿದವು. ಅಷ್ಟು ದಿನ ಎಲ್ಲಿಯೂ ಹೊಂದದೆ ಮೇಲೆ ತೇಲುತ್ತಿದ್ದ ಚುಕ್ಕೆಗಳು ಮೂರು ಗಂಟೆ ಮತ್ತು ನಾಲ್ಕು ಗಂಟೆಯ ನಡುವಿನ ಖಾಲಿ ಜಾಗದಲ್ಲಿ ಅಚ್ಚುಕಟ್ಟಾಗಿ ಹೋಗಿ ಕೂತವು.

ವಿಜಯಶ್ರೀ ಬಾಗಿ ನೋಡಿದಳು. ಇನ್ನೊಮ್ಮೆ ನೋಡಿದಳು.

“ಮೂರು ತಾಸಿಗೆ ಬಾಗಿಲಾ ಮುಚ್ಚೈತಿ… ನಾಲ್ಕಕ್ಕ ತೆರೆದೈತಿ, ಜೀನು ಮಾತಾಡಾಕತ್ತಾವ… ಎರಡೂ ಒಮ್ಮೆಗೇ ಆಗ್ತಾವೇನೋ ಅಂತ ನಾವು ತಿಳಕೊಂಡಿದ್ವಿ. ಈಗ ನಡುವ, ಮೂರೂವರೆಗೆ…”

“ಬಾಗಿಲು ತೆರೆದುಂಟು. ಮಾತು ಇನ್ನೂ ಬರ್ಲಿಲ್ಲ.”

“ಅಂದ್ರ ಬಾಗಿಲಾ ಮೊದಲು ತೆರೀತೈತಿ. ಮಾತು ಆಮ್ಯಾಲೆ!”

“ಅವಸರದ್ದು, ತಾಳ್ಮೆಯದ್ದು ಅಂತ ಎರಡು ಜಾತಿ ಇಲ್ಲ ವಿಜಯಶ್ರೀ. ಎಲ್ಲವೂ ಒಂದೇ. ಎಲ್ಲಕ್ಕೂ ಒಂದರ್ಧ ಗಂಟೆ ಬೇಕು, ಅಷ್ಟೇ.”

ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಇಬ್ಬರ ತಲೆಗಳೂ ಲ್ಯಾಪ್‌ಟಾಪಿನ ಮೇಲೆ ಎಷ್ಟು ಹತ್ತಿರ ಬಾಗಿದ್ದವೆಂಬುದು ಇಬ್ಬರಿಗೂ ಒಟ್ಟಿಗೇ ಅರಿವಾಯಿತು. ತಟ್ಟನೆ ಹಿಂದೆ ಸರಿದರು.

ಬಂಡೆಪ್ಪ ಮೀನಿಗೆ ಕಾಳು ಹಾಕುತ್ತ ಗೋಡೆಯ ಕಡೆ ತಿರುಗಿ ನಿಂತಿದ್ದ. ಅವನ ಬೆನ್ನು ನಗುತ್ತಿತ್ತು!

*

ಅವತ್ತಿನ ಸಭೆಯಲ್ಲಿ ವಿಜಯಶ್ರೀ ಕರೆಯುವ ಮೊದಲೇ ಎದ್ದು ನಿಂತಳು.

“ಕಳೆದ ವಾರ ನಾನು ಹೇಳಿದ್ದು ತಪ್ಪು. ಸೋಮವಾರದ ಭ್ರೂಣಗಳಿಗೆ ಮೂರು ಗಂಟೆಯಲ್ಲ, ಮೂರೂವರೆ. ನಾನು ನೋಡದೆ ಬರೆದೆ.”

ಯಾರೂ ನಗಲಿಲ್ಲ. ಬಂಡೆಪ್ಪನ ಹೆಸರನ್ನು ಅವಳು ಎತ್ತಲೂ ಇಲ್ಲ. ತಡೆ ಬೇಗ ತೆಗೆದದ್ದು ಹಾಳೆಯಲ್ಲಿ ಬರಲಿಲ್ಲ, ಆ ಹಾಳೆ ಮಾಡಿದವಳು ನಾನೇ ಎಂದಷ್ಟೇ ಅಂದಳು.

ಸಭೆ ಮುಗಿದ ಮೇಲೆ ತಾರಾ ಮೇಡಂ ಅವಳನ್ನು ಕೋಣೆಗೆ ಕರೆದರು. ಬೈಗುಳಕ್ಕೆ ಸಿದ್ಧವಾಗಿಯೇ ಹೋದಳು.

“ಸಮಿತಿಯನ್ನು ಎರಡು ತಿಂಗಳು ಮುಂದಕ್ಕೆ ಹಾಕಿಸುತ್ತೇನೆ. ಮೂರೂವರೆ ಗಂಟೆಯ ಮಾದರಿಗಳನ್ನು ಬೇಕೆಂದೇ ಹೊಸದಾಗಿ ತೆಗೆ. ಈ ಸಲ ಎಣಿಸು.”

“ಎಣಿಸುತ್ತೇನೆ ಮೇಡಂ.”

“ಮತ್ತೆ ಆ ಹುಡುಗನಿಗೆ ಒಂದು ಥ್ಯಾಂಕ್ಸ್ ಹೇಳು. ಮಂಗಳವಾರ ಬಂದು ಒಂದು ಗಂಟೆ ತಲೆ ತಿಂದ. ‘ಸೋಮವಾರದ ಮಾದರಿಗಳನ್ನು ಎಸೆಯಬೇಡಿ ಮೇಡಂ, ಇಷ್ಟು ಒಪ್ಪವಾಗಿ ಕೆಲಸ ಮಾಡುವವರ ಕೈ ಹತ್ತು ಸಲವೂ ಒಂದೇ ರೀತಿ ತಪ್ಪುವುದಿಲ್ಲ, ಇದರಲ್ಲಿ ಏನೋ ನಿಜವಿದೆ’ ಎಂದ. ನಾನು ಅವತ್ತೇ ಕೈಬಿಡಲು ಹೇಳುವವಳಿದ್ದೆ. ಸಮಿತಿಯವರೆಗೆ ಸಮಯ ಕೇಳಿ ಇಸಿದುಕೊಂಡವನು ಅವನೇ.”

ವಿಜಯಶ್ರೀ ಅಲ್ಲೇ ಕುರ್ಚಿಯ ಬೆನ್ನು ಹಿಡಿದು ನಿಂತಳು.

‘ಚಾಡಿಕೋರ ಅಂದೆನಲ್ಲ… ಐದು ನಿಮಿಷ ಕೇಳಿದ. ಐದೇ ಐದು ನಿಮಿಷ… ಕೊಡಲಿಲ್ಲವಲ್ಲ ನಾನು!’

ಮಧ್ಯಾಹ್ನ ಕ್ಯಾಂಟೀನಿನ ಮೂಲೆಯ ಮೇಜಿನ ಮೇಲೆ ಒಂದು ಬುತ್ತಿ ಬಂದು ಕೂತಿತು. ಸೀತಾರಾಮ ತಲೆಯೆತ್ತಿದ.

“ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಖಾರ ಕಡಿಮಿ ಐತಿ. ಉಣ್ರಿ.”

“ಬಂಡೆಪ್ಪನವರ ಹತ್ರ ಹೇಳಿ ಕಳಿಸ್ಲಿಲ್ಲ?”

“ಅವರು ರಜಾ ಕೇಳ್ಯಾರ!” ಎಂದು ನಕ್ಕಳು. ಆಮೇಲೆ ದನಿ ಇಳಿಸಿ, “ತಪ್ಪಾತ್ರಿ,” ಎಂದಳು.

“ಎಂತ ತಪ್ಪು?” ಅವನಾಗಲೇ ರೊಟ್ಟಿ ಮುರಿದಿದ್ದ. ಒಂದು ತುತ್ತು ಬಾಯಿಗಿಟ್ಟವನೇ ಕಣ್ಣು ಮುಚ್ಚಿದ. “ಅಯ್ಯೋ ದೇವ್ರೆ… ಇದು ಕಡಿಮೆ ಖಾರವಾ?!”

*

ಎರಡು ತಿಂಗಳು ಹೇಗೆ ಕಳೆದವೋ!

ಮೊಟ್ಟೆ ಸೋಸುವುದು ಅವಳು, ಸಮಯ ಬರೆಯುವುದು ಅವನು. ಪ್ರತಿ ತಟ್ಟೆಯೂ ಮೈಕ್ರೋಸ್ಕೋಪಿನ ಕೆಳಗೆ ಹೋಗುತ್ತಿತ್ತು. ಒಂದು, ಎರಡು, ನಾಲ್ಕು, ಎಂಟು… ಒಂದು ಕೋಶ ತನ್ನೆದುರೇ ಎರಡಾದುದನ್ನು ಮೊದಲ ಸಲ ಕಂಡ ದಿನ ಅವನು ಊಟ ಮರೆತು ಕೂತುಬಿಟ್ಟ. ಪಾರ್ವತಿಬಾಯಿ ಬುತ್ತಿಗೆ ಇನ್ನೆರಡು ರೊಟ್ಟಿ ಸೇರಿಸಿದರು. ಯಾರಿಗೆ ಎಂದು ಕೇಳಲಿಲ್ಲ. “ಆ ಕುಂದಾಪುರದವರು ಖಾರ ಉಣ್ಣಾಕ ಕಲಿತರೇನು?” ಎಂದಷ್ಟೇ ಕೇಳಿದರು!

ಹೊಸ ಮಾದರಿಗಳಲ್ಲೂ ಅದೇ ಬಂತು. ಮೂರಕ್ಕೆ ಮುಚ್ಚಿದ ಬಾಗಿಲು. ಮೂರೂವರೆಗೆ ತೆರೆದ ಬಾಗಿಲು, ಮೌನ. ನಾಲ್ಕಕ್ಕೆ ಮಾತು.

ಸಮಿತಿ ಒಪ್ಪಿತು. ಹಿರಿಯರೊಬ್ಬರು, “ಈ ಅರ್ಧ ಗಂಟೆ ನಿನಗೆ ಹೇಗೆ ಹೊಳೆಯಿತಮ್ಮಾ?” ಎಂದಾಗ ವಿಜಯಶ್ರೀ ನಿಂತಲ್ಲೇ ಮುಗುಳ್ನಕ್ಕು, “ನಮ್ಮ ಮೀನುಕೋಣೆಯ ಬಂಡೆಪ್ಪನವರಿಂದ,” ಎಂದಳು.

ಎಲ್ಲ ಸರಿಯೇ. ಆದರೆ ಅವನು? ಲ್ಯಾಬಿನ ಮಾತೆಲ್ಲ ಆಡುತ್ತಾನೆ. ಊರಿನ ಗಂಜಿ, ಕಡಲು, ಅಜ್ಜನ ಹೆಸರು ತನಗೆ ಅಂಟಿಕೊಂಡ ಕತೆ… ಎಲ್ಲ ಹೇಳುತ್ತಾನೆ. ಹೇಳಬೇಕಾದ ಒಂದು ಮಾತು ಬಿಟ್ಟು!

‘ಬಾಗಿಲು ತೆರೆದು ಎಷ್ಟು ದಿನವಾಯಿತು… ಈ ಮನುಷ್ಯನ ಅರ್ಧ ಗಂಟೆ ಮುಗಿಯುವುದು ಯಾವಾಗ?’

ಸಮಿತಿಯಾದ ಮರು ಸೋಮವಾರ. ಬಂಡೆಪ್ಪ ನಿಜಕ್ಕೂ ರಜೆ ಹಾಕಿದ್ದ. ಶಾರದಾಬಾಯಿ ಮೊದಲ ಸಲ ಹೈದರಾಬಾದ್ ನೋಡಲು ಬಂದಿದ್ದಳು. ಅವಳ ಜೊತೆ ಚಾರ್ಮಿನಾರಿಗೆ ಹೋಗಿದ್ದ. ತಡೆ ಎತ್ತುವ ಕೆಲಸ ಇವರಿಬ್ಬರ ಪಾಲಿಗೆ.

ಒಂಬತ್ತಕ್ಕೆ ಎರಡು ನಿಮಿಷವಿತ್ತು. ಕತ್ತಲ ಕೋಣೆಯಲ್ಲಿ ಪಂಪಿನ ಗುಳುಗುಳು. ತೊಟ್ಟಿಯ ಆಚೆ ಈಚೆ ಎರಡು ಪುಟ್ಟ ಮೀನುಗಳು ಮೂಗಿಗೆ ಮೂಗು ತಾಗಿಸಿ ನಿಂತಿದ್ದವು.

ಸೀತಾರಾಮನ ಕೈಯಲ್ಲಿ ಹೊಸ ಹಾಳೆ. ಈಗ ಸಮಯದ ಜಾಗ ಖಾಲಿ ಬಿಟ್ಟೇ ಅಚ್ಚು ಹಾಕಿಸುತ್ತಾರೆ.

“ವಿಜಯಶ್ರೀ…”

“ಹ್ಞೂಂ?”

“ಬಂಡೆಪ್ಪನವರು ಹೋಗುವಾಗ ಒಂದು ಮಾತು ಹೇಳಿ ಹೋದ್ರು.”

“ಏನಂತ?”

“‘ಸಾಹೇಬ್ರ, ಮೀನಿನ ತಡೆ ನಾ ಎತ್ತೀನಿ. ನಿಮ್ಮದು ನೀವs ಎತ್ತಬೇಕು’ ಅಂತ.”

ಅವಳ ಕೆನ್ನೆ ಬಿಸಿಯಾಯಿತು. ಕತ್ತಲಿದ್ದದ್ದು ಒಳ್ಳೆಯದಾಯಿತು!

“ನನಗೆ… ನನಗೆ ಸಭೆಯಲ್ಲಿ ಎದ್ದು ನಿಂತು ಎಂತ ಬೇಕಾದ್ರೂ ಹೇಳ್ಲಿಕ್ಕೆ ಬರ್ತದೆ. ಇದೊಂದು ಬರುದಿಲ್ಲ. ನಿಮ್ಮನ್ನ ಕಂಡ್ರೆ ನಂಗೆ ಭಾರಿ ಇಷ್ಟ. ಆ ಮೊದಲ ಸೋಮವಾರದಿಂದ. ‘ಸಂತಿ ಅಲ್ರೀ’ ಅಂತ ಬೈದ್ರಲ್ಲ… ಆವಾಗಿನಿಂದ. ನಿಮ್ಮ ಅಮ್ಮನ ಹತ್ರ ಬಂದು ಕೇಳ್ಬೇಕು ಅಂತಿದ್ದೇನೆ. ಖಾರ ಈಗ ಸುಮಾರು ಅಭ್ಯಾಸ ಆಯ್ತು…”

ವಿಜಯಶ್ರೀ ನಗಬೇಕೋ ಅಳಬೇಕೋ ತಿಳಿಯದೆ ತುಟಿ ಕಚ್ಚಿಕೊಂಡಳು.

“ಅವ್ವ ಎರಡು ತಿಂಗಳ ಹಿಂದs ಒಪ್ಯಾಳ.”

“ಹೌದಾ?! ಮತ್ತೆ ಅವರ ಮಗಳು?”

“ಮಗಳಂದು…” ಅವಳು ದನಿ ಇಳಿಸಿದಳು. “ಅದಕ್ಕೂ ಮೊದಲs ಆಗೈತ್ರಿ. ನೀವು ಥರ್ಮಾಮೀಟರ್ ಹಿಡಕೊಂಡು ಇಲ್ಲಿ ನೆಲದ ಮ್ಯಾಲೆ ಕೂತಿದ್ರೆಲ್ಲ, ಆವತ್ತs.”

ಟಕ್! ಒಂಬತ್ತರ ದೀಪಗಳು ಸಾಲುಸಾಲಾಗಿ ಹೊತ್ತಿಕೊಂಡವು. ಕೋಣೆಯ ತುಂಬ ಬೆಳಗು.

ಇಬ್ಬರ ಕೈಗಳೂ ಒಂದೇ ತಡೆಯ ಮೇಲಿದ್ದವು. ಮೆಲ್ಲಗೆ ಮೇಲಕ್ಕೆತ್ತಿದರು. ಎರಡು ಮೀನುಗಳೂ ಬೆಳ್ಳಿಯ ಗೆರೆಗಳಂತೆ ಒಂದರ ಪಕ್ಕ ಒಂದು ಸರಿದವು.

ಸೀತಾರಾಮ ಗಾಬರಿಯಲ್ಲಿ ಪೆನ್ನು ಹುಡುಕಿದ, ಹಾಳೆ ಹುಡುಕಿದ, ಗೋಡೆಯ ಕಡೆ ಕತ್ತೆತ್ತಿದ.

“ಸಮಯ ಬರೀಬೇಕಲ್ಲ… ಎಷ್ಟಾಯ್ತು?”

ವಿಜಯಶ್ರೀ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು.

“ಗಡಿಯಾರ ಆಮ್ಯಾಲೆ ನೋಡೋಣಂತ,” ಎಂದಳು. “ಮೊದಲು ಇತ್ತಾಗ ನೋಡ್ರಿ.”

ಅವನು ನೋಡಿದ.